ಕುರಿ ಹತ್ತಿದ ದಾರಿಯಲ್ಲೇ ಓಟ

1960ರಲ್ಲಿ ಇಂಗ್ಲೆಂಡಿನ ವಾಸ್‌ಡೇಲ್ ಕಣಿವೆಯಿಂದ ಬೆಟ್ಟದ ಓಟವೊಂದು ಹೊರಟಿತು. ಅಲ್ಲೇ ಕುರಿ ಸಾಕಿಕೊಂಡಿದ್ದ 24ರ ಯುವಕನೊಬ್ಬ ಹೊಲಕ್ಕೆ ಹಾಕುವ ಬೂಟನ್ನೇ ಮೆಟ್ಟಿ, ಉದ್ದ ಪ್ಯಾಂಟನ್ನು ಮೊಣಕಾಲಿಗೆ ಕತ್ತರಿಸಿಕೊಂಡು ಅದರಲ್ಲಿ ಸೇರಿಕೊಂಡ. ಒಂದಷ್ಟು ದೂರ ಎಲ್ಲರಿಗಿಂತ ಮುಂದಿದ್ದ. ಆಮೇಲೆ ಕಾಲಿನ ಸ್ನಾಯು ಹಿಡಿದುಕೊಂಡಿತು. ಗೆಲ್ಲಲಿಲ್ಲ. ಆತ ಜಾಸ್ ನೇಲರ್. ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟದ ಓಟಗಳ ಬಗ್ಗೆ ಬರೆಯಲು ಹೊರಟವರೆಲ್ಲ ಕೊನೆಗೆ ಈತನ ಬಗ್ಗೆಯೇ ಬರೆದುಬಿಡುತ್ತಾರೆ. ನಾನೂ ಹೊರತಲ್ಲ.

ಓಟಗಾರನ ಮೈಯೇ ಆತನದಲ್ಲ. ಬಾಲ್ಯದಲ್ಲೇ ಬೆನ್ನಿಗೆ ಪೆಟ್ಟು. 19ನೇ ವಯಸ್ಸಿಗೆ ಬಲ ಮೊಣಕಾಲಿನ ಮೃದ್ವಸ್ಥಿ ತೆಗೆಸಿದ್ದಾಯಿತು, 22ಕ್ಕೆ ಬೆನ್ನುಮೂಳೆಯ ಎರಡು ಡಿಸ್ಕ್. ಇಷ್ಟಾದ ಮೇಲೆ ಮನುಷ್ಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರಬೇಕು. ನೇಲರ್ ಬೆಟ್ಟ ಹತ್ತಿದರು. ಹತ್ತದೆ ಗತಿಯೂ ಇರಲಿಲ್ಲ, ಕುರಿಗಳು ಮೇಯುತ್ತಿದ್ದುದೇ ಅಲ್ಲಿ.

ಇಂಗ್ಲೆಂಡಿನ ವಾಯವ್ಯ ಮೂಲೆಯ ಈ ಸೀಮೆಯಲ್ಲಿ ಗುಡ್ಡಗಳಿಗೆ ಫೆಲ್ ಎನ್ನುತ್ತಾರೆ. ಎತ್ತರ ಕೇಳಿದರೆ ನಮ್ಮವರಿಗೆ ನಗು ಬಂದೀತು. ದೇಶದಲ್ಲೇ ದೊಡ್ಡದಾದ ಸ್ಕಾಫೆಲ್ ಪೈಕ್ 978 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕೆ ತುಸು ಜಾಸ್ತಿ. ಆದರೆ ಮರದ ನೆರಳಿಲ್ಲ, ಮೇಲೆ ಬೋಳು ಹುಲ್ಲು, ಅದರಡಿ ಕಾಲು ಹೂತುಹೋಗುವ ಜೌಗು, ಇಳಿಜಾರಿನಲ್ಲಿ ಜಾರುವ ಜಲ್ಲಿಕಲ್ಲು. ಮಂಜು ಮುಸುಕಿದರೆ ಮೊಣಕೈ ದೂರದ್ದೂ ಕಾಣದು. ಇಲ್ಲಿಯ ಓಟಗಳಲ್ಲಿ ಬಹುಪಾಲಿಗೆ ಬಾಣದ ಗುರುತು, ರಿಬ್ಬನ್ನು ಇರುವುದಿಲ್ಲ. ಮುಟ್ಟಬೇಕಾದ ಶಿಖರಗಳನ್ನಷ್ಟೇ ಹೇಳುತ್ತಾರೆ. ನಡುವಿನ ದಾರಿ ಹುಡುಕಿಕೊಳ್ಳುವುದು ಓಡುವವನ ಪಾಡು. ನಕ್ಷೆ, ದಿಕ್ಸೂಚಿ, ಸೀಟಿ, ಮಳೆಯಂಗಿ ಸೊಂಟದ ಚೀಲದಲ್ಲಿರಬೇಕು.

ಇತಿಹಾಸವನ್ನು ಚುಟುಕಾಗಿ ಹೇಳುವುದಾದರೆ, ಗ್ರಾಸ್ಮಿಯರ್ ಊರಿನ ಜಾತ್ರೆಯಂಥ ಕ್ರೀಡಾಕೂಟದಲ್ಲಿ 1868ರಿಂದಲೂ ಬೆಟ್ಟ ಹತ್ತಿ ಇಳಿಯುವ ಓಟ ನಡೆದಿದೆ. ಅದು ಗೈಡುಗಳ ಓಟ. ಪ್ರವಾಸಿಗರನ್ನು ಬೆಟ್ಟ ಹತ್ತಿಸುವವರಲ್ಲಿ ಯಾರ ಕಾಲು ಚುರುಕು ಎಂದು ನೋಡುವ ಪಂದ್ಯ. ಗೆದ್ದವನಿಗೆ ಹಣ ಸಿಗುತ್ತಿತ್ತು. ಹಾಗಾಗಿ ಹಣಕ್ಕೆ ಓಡುವವರು, ಹವ್ಯಾಸಕ್ಕೆ ಓಡುವವರು ಎಂಬ ಪಂಕ್ತಿಭೇದ ಬಹುಕಾಲ ಉಳಿಯಿತು.

ಇಂದು ಲೋಕಕ್ಕೆಲ್ಲ ಗೊತ್ತಿರುವ ದಾರಿ ಮಾತ್ರ ಬಾಬ್ ಗ್ರಹಾಂ ಎಂಬ ವಸತಿಗೃಹದ ಮಾಲೀಕನದು. ಕೆಸ್ವಿಕ್ ಪಟ್ಟಣದ ಈತ 1932ರ ಜೂನ್ ತಿಂಗಳಲ್ಲಿ ಪೇಟೆ ನಡುವಿನ ಮೂಟ್ ಹಾಲ್ ಎದುರಿಂದ ಹೊರಟು, 42 ಶಿಖರ ಮುಟ್ಟಿ, 23 ಗಂಟೆ 39 ನಿಮಿಷಕ್ಕೆ ಅದೇ ಬಾಗಿಲಿಗೆ ಮರಳಿದ. ಕಾಲಿಗೆ ಟೆನಿಸ್ ಶೂ, ಮೈಮೇಲೆ ಪೈಜಾಮದ ಅಂಗಿ. ಊಟಕ್ಕೆ ಬೆಣ್ಣೆ ಹಚ್ಚಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹಣ್ಣು, ಮಿಠಾಯಿ. ಹಿಂದಿನ ವರ್ಷ ಸೋತಿದ್ದವನು. ವಯಸ್ಸಿನ ಒಂದೊಂದು ವರ್ಷಕ್ಕೆ ಒಂದೊಂದು ಶಿಖರವೆಂದು 42 ಆರಿಸಿಕೊಂಡ ಎಂದು ಕತೆ ಹೇಳುತ್ತಾರೆ. ಹುಟ್ಟಿದ್ದು 1889ರ ಫೆಬ್ರುವರಿಯಲ್ಲಿ, ಹಾಗಾಗಿ ಓಡುವಾಗ 43 ತುಂಬಿತ್ತು! ಕತೆ ಚೆನ್ನಾಗಿದೆ, ಇರಲಿ ಬಿಡಿ.

ಆ ದಾರಿಯನ್ನು 28 ವರ್ಷ ಮತ್ತೊಬ್ಬರಿಂದ ಮುಗಿಸಲಾಗಲಿಲ್ಲ. 1960ರಲ್ಲಿ ಅಲನ್ ಹೀಟನ್ ಮುಗಿಸಿದ. ನೇಲರ್ ಬೂಟು ಮೆಟ್ಟಿ ಓಡಿದ ವರ್ಷವೂ ಅದೇ. 1977ರಲ್ಲಿ ಜೀನ್ ಡಾಸ್ ಅದನ್ನು ಪೂರೈಸಿದ ಮೊದಲ ಮಹಿಳೆಯಾದರು. ಸುತ್ತು ಸುಮಾರು 106 ಕಿ.ಮೀ., ಹತ್ತುವ ಎತ್ತರ ಒಟ್ಟು 8,200 ಮೀಟರ್. ಸ್ಕಿಡಾ, ಬ್ಲೆನ್‌ಕ್ಯಾಥ್ರಾ ಇಳಿದು, ಹೆಲ್ವೆಲಿನ್ ಸಾಲು ದಾಟಿ, ಸ್ಕಾಫೆಲ್ ಬಂಡೆಗಳಿಂದ ವಾಸ್‌ಡೇಲ್‌ಗೆ ಬೀಳುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಮುಗಿದಿರುತ್ತದೆ. ಅಲ್ಲಿಂದ ಎದುರಿಗೆ ಯೂಬ್ಯಾರೋ. ಗೋಡೆಯಂಥ ಆ ಏರನ್ನು ನೋಡಿಯೇ ಎಷ್ಟೋ ಜನ ಕಣಿವೆಯಲ್ಲಿ ಕೂತುಬಿಡುತ್ತಾರೆ.

ಪ್ರತಿ ಶಿಖರದಲ್ಲೂ ಜೊತೆಗೊಬ್ಬ ಸಾಕ್ಷಿ ಇರಬೇಕೆಂಬುದು ಈ ಸುತ್ತು ಮುಗಿಸಿದವರ ಕ್ಲಬ್ಬಿನ ಕಟ್ಟಳೆ. ಆದ್ದರಿಂದ ಓಡುವವನ ಹಿಂದೆ ನಾಲ್ಕೈದು ಗೆಳೆಯರ ಪಡೆಯೇ ಇರುತ್ತದೆ. ಒಬ್ಬ ದಾರಿ ತೋರುತ್ತಾನೆ, ಇನ್ನೊಬ್ಬ ನೀರು ಹೊರುತ್ತಾನೆ, ಮತ್ತೊಬ್ಬ ರಾತ್ರಿ ಎರಡು ಗಂಟೆಗೆ ರಸ್ತೆ ಬದಿಯಲ್ಲಿ ಸೂಪು ಬಿಸಿಮಾಡುತ್ತಾನೆ. ಮುಂದಿನ ವರ್ಷ ಸೂಪಿನವನ ಸರದಿಗೆ ಇವನು ಹೊರುತ್ತಾನೆ. ಪ್ರಾಯೋಜಕರ ಹಂಗಿಲ್ಲ, ಹಾರ ತುರಾಯಿಯಿಲ್ಲ. 24 ಗಂಟೆಯೊಳಗೆ ಮುಗಿಸಿದವರ ಸಂಖ್ಯೆ ಎರಡೂವರೆ ಸಾವಿರ ದಾಟಿದೆ. ಬಾರೋಡೇಲ್‌ನ ಕಲ್ಲುಕುಟಿಗ ಬಿಲ್ಲಿ ಬ್ಲಾಂಡ್ 1982ರಲ್ಲಿ 13 ಗಂಟೆ 53 ನಿಮಿಷಕ್ಕೆ ಮುಗಿಸಿದ್ದ. ಸ್ಪೇನಿನ ಹೆಸರಾಂತ ಓಟಗಾರ ಕಿಲಿಯನ್ ಜೋರ್ನೆ ಬಂದು ಅದನ್ನು ಮುರಿದದ್ದು 2018ರಲ್ಲಿ. ವಾರವಿಡೀ ಕಲ್ಲು ಕಟ್ಟಿದವನ ದಾಖಲೆ 36 ವರ್ಷ ಬಾಳಿತು ಎಂಬುದೇ ನನಗೆ ಹೆಚ್ಚು ಹಿಡಿಸಿದ ಸಂಗತಿ.

ನೇಲರ್ ಇದೇ ಲೆಕ್ಕವನ್ನು ಹಿಗ್ಗಿಸಿದರು. 24 ಗಂಟೆಯಲ್ಲಿ 42 ಅಲ್ಲ, ಎಷ್ಟು ಆಗುತ್ತದೆ? 1971ರಲ್ಲಿ 61, ಮರುವರ್ಷ 63. 1975ರ ಕಡುಬೇಸಿಗೆಯಲ್ಲಿ 72 ಶಿಖರ, ಸುಮಾರು 160 ಕಿ.ಮೀ. ಅವರು ಕುಡಿಯುತ್ತಿದ್ದ ಮದ್ದು ಉಪ್ಪು ಬೆರೆಸಿದ ಕಪ್ಪು ಕರಂಟ್ ಹಣ್ಣಿನ ಪಾನಕ. 1986ರಲ್ಲಿ, 50ನೇ ವಯಸ್ಸಿನಲ್ಲಿ, ಆಲ್ಫ್ರೆಡ್ ವೇನ್‌ರೈಟ್ ತಮ್ಮ ಕೈಬರಹದ ಮಾರ್ಗದರ್ಶಿಗಳಲ್ಲಿ ವರ್ಣಿಸಿದ 214 ಬೆಟ್ಟಗಳನ್ನೂ ಏಳು ದಿನ ಚಿಲ್ಲರೆಯಲ್ಲಿ ಸುತ್ತಿದರು. 60ಕ್ಕೆ 60 ಶಿಖರ, 70ಕ್ಕೆ 70. ಇವೆಲ್ಲದರ ನಡುವೆ ಕುರಿ ಮರಿಹಾಕುವ ಕಾಲಕ್ಕೆ ಹಟ್ಟಿಯಲ್ಲಿರಬೇಕು, ಉಣ್ಣೆ ಕತ್ತರಿಸಬೇಕು, ಬಿದ್ದ ಕಲ್ಲುಗೋಡೆ ಎತ್ತಿ ಕಟ್ಟಬೇಕು. ತರಬೇತಿಗೆಂದು ಬೇರೆ ಸಮಯ ಎಲ್ಲಿಂದ ಬರಬೇಕು?

ಇಲ್ಲಿಯ ಹರ್ಡ್‌ವಿಕ್ ಕುರಿಗಳ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಓಡುವವರು ನೆಚ್ಚುವ ದಾರಿಗಳಲ್ಲಿ ಎಷ್ಟೋ ಅವುಗಳ ಗೊರಸು ಮಾಡಿದ್ದು. ಮರಿ ಹುಟ್ಟುವಾಗ ಕಪ್ಪು, ಬೆಳೆದಂತೆ ಬೂದು. ಬೇಲಿಯಿಲ್ಲದ ಬೆಟ್ಟದಲ್ಲಿ ಒಂದೊಂದು ಮಂದೆಗೂ ತನ್ನ ಎಲ್ಲೆ ಗೊತ್ತು. ತಾಯಿಯ ಹಿಂದೆ ಮೇಯುತ್ತ ಮರಿ ಕಲಿಯುತ್ತದೆ, ಅದು ತನ್ನ ಮರಿಗೆ ಕಲಿಸುತ್ತದೆ. ಹೊಲ ಮಾರಿದರೂ ಆ ಮಂದೆ ಅಲ್ಲೇ ಉಳಿಯುವುದು ವಾಡಿಕೆ. 2001ರಲ್ಲಿ ಕಾಲುಬಾಯಿ ರೋಗ ಬಂದು ಸುತ್ತಮುತ್ತಲ ಹಳ್ಳಿಗಳಲ್ಲಿ ಮಂದೆ ಮಂದೆಯನ್ನೇ ಕೊಂದು ಸುಟ್ಟಾಗ ಜನ ಹೆದರಿದ್ದು ಇದಕ್ಕೇ. ಕುರಿಯನ್ನು ದುಡ್ಡು ಕೊಟ್ಟು ತರಬಹುದು, ಬೆಟ್ಟ ಬಲ್ಲ ಕುರಿಯನ್ನು ಎಲ್ಲಿಂದ ತರುವುದು? ಆ ವರ್ಷ ಬೆಟ್ಟಗಳಿಗೆ ಹೋಗುವುದನ್ನೇ ತಡೆದಿದ್ದರು, ಓಟಗಳು ರದ್ದಾದವು.

ರೋಗ ಹೋಯಿತು. 2017ರಲ್ಲಿ ಯುನೆಸ್ಕೋ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಕುರಿಸಾಕಣೆಯನ್ನೂ ಪರಂಪರೆಯೆಂದೇ ಗಣಿಸಿತು. ಆದರೆ ಬೆಟ್ಟದ ಸಾಕಣೆಯಲ್ಲಿ ಲಾಭ ಕಡಿಮೆ, ಸರ್ಕಾರದ ನೆರವಿನಲ್ಲಿ ಬದುಕುವವರೇ ಹೆಚ್ಚು. ಮನೆಗಳ ಬೆಲೆ ರಜೆಗೆ ಬರುವವರ ಕೈಗೆಟಕುವ ಹಾಗೆ, ಊರಿನ ಹುಡುಗರಿಗೆ ಎಟುಕದ ಹಾಗೆ ಏರಿದೆ. ಕುರಿ ತಗ್ಗಲಿ, ಕಾಡು ಮರಳಿ ಬರಲಿ ಎನ್ನುವ ಪರಿಸರವಾದಿಗಳ ಮಾತಿನಲ್ಲೂ ಹುರುಳಿದೆ. ಅತಿಯಾಗಿ ಮೇದ ಬೆಟ್ಟ ಬರಡೇ. ಆದರೂ ನನ್ನ ಒಲವು ಕುರಿಯವನ ಕಡೆಗೇ ವಾಲುತ್ತದೆ. ದಾರಿ ಮಾಡಿಕೊಟ್ಟವನನ್ನು ಕಳಿಸಿಬಿಟ್ಟು ದಾರಿಗೆ ಪರಂಪರೆಯ ಫಲಕ ನೆಡುವುದರಲ್ಲಿ ಏನೋ ಅಪಚಾರವಿದೆ.

ನೇಲರ್ 2024ರ ಜೂನ್ ತಿಂಗಳಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನದೊಂದು ದಾರಿಯಿದೆ. ಪೂಲಿ ಬ್ರಿಜ್‌ನಿಂದ ವಾಸ್‌ಡೇಲ್‌ನ ಗ್ರೀನ್‌ಡೇಲ್ ಸೇತುವೆವರೆಗೆ 77 ಕಿ.ಮೀ., 30 ಶಿಖರ. ಐವತ್ತು ತುಂಬದವರಿಗೆ ಅದರಲ್ಲಿ ಸ್ಥಾನವಿಲ್ಲ. ಐವತ್ತು ಈಗಷ್ಟೇ ದಾಟಿದವರು 12 ಗಂಟೆಯಲ್ಲಿ ಮುಗಿಸಬೇಕು, ವಯಸ್ಸಾದಷ್ಟೂ ಗಡುವು ಸಡಿಲ. 65 ದಾಟಿದವರಿಗೆ 24 ಗಂಟೆ. ಕಾಲೆಳೆಯುತ್ತ ಕೊನೆಯ ಇಳಿಜಾರು ಇಳಿದು ಬಂದವರ ಕೈ ಕುಲುಕಲು ಎಷ್ಟೋ ವರ್ಷ ನೇಲರ್ ಅವರೇ ಸೇತುವೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಈಗ ಬರುವವರು ಗಡಿಯಾರ ನೋಡಿ ತಾವೇ ಸಮಯ ಬರೆದುಕೊಳ್ಳಬೇಕು.