ಕೋಷ್ಟಕದ ಕಾಲಂ ಹೆಸರುಗಳ ಪಟ್ಟಿಯನ್ನು ದತ್ತಸಂಚಯದಿಂದಲೇ ಪಡೆಯುವ ಕ್ರಮ

ಫಲಾನುಭವಿಗಳ ದತ್ತಾಂಶವನ್ನು ಒಂದು ಕೋಷ್ಟಕದಿಂದ ಮತ್ತೊಂದಕ್ಕೆ ವರ್ಗಾಯಿಸುವ ಎಸ್‌ಕ್ಯೂಎಲ್ ಆದೇಶದಲ್ಲಿ ಕಾಲಂ ಹೆಸರು ಬರೆಯದೆ ನಕ್ಷತ್ರ ಚಿಹ್ನೆಯನ್ನಷ್ಟೇ ಬಳಸಿದಲ್ಲಿ, ಮಾಹಿತಿಯು ಹೆಸರಿನಂತಲ್ಲ, ಸ್ಥಾನದಂತೆ ಹೊಂದಿಕೊಳ್ಳುತ್ತದೆ. ಕಾಲಂಗಳ ಕ್ರಮ ಬೇರೆಯಾಗಿದ್ದರೆ ಬ್ಯಾಂಕ್ ಖಾತೆ ಸಂಖ್ಯೆಯು ಪಡಿತರ ಚೀಟಿ ಸಂಖ್ಯೆಯ ಕಾಲಂ ಸೇರಬಹುದು. ಎರಡೂ ಪಠ್ಯ ಮಾದರಿಯವಾಗಿದ್ದರೆ ಗಣಕಯಂತ್ರವು ದೋಷವನ್ನೂ ತೋರಿಸದು, ಹಣ ಬಾರದೆ ಫಲಾನುಭವಿಯು ಕಚೇರಿಗೆ ಬಂದಾಗಲೇ ತಿಳಿಯುವುದು.

ಮೈಎಸ್‌ಕ್ಯೂಎಲ್‌ನಲ್ಲಿ ‘ಇನ್ಫರ್ಮೇಶನ್_ಸ್ಕೀಮಾ.ಕಾಲಮ್ಸ್’ನಿಂದ, ದತ್ತಸಂಚಯ ಹಾಗೂ ಕೋಷ್ಟಕ ಎರಡರ ಹೆಸರನ್ನೂ ನಮೂದಿಸಿ, ಕಾಲಂ ಹೆಸರುಗಳನ್ನು ಪಡೆದು ‘ಗ್ರೂಪ್_ಕಾನ್‌ಕ್ಯಾಟ್’ ಮೂಲಕ ಅಲ್ಪವಿರಾಮದೊಡನೆ ಜೋಡಿಸತಕ್ಕದ್ದು. ಇದರ ಮೂಲ ಮಿತಿ ಕೇವಲ 1024 ಬೈಟ್. ಕಾಲಂಗಳು ಹೆಚ್ಚಿದ್ದರೆ ಪಟ್ಟಿಯು ನಡುವೆಯೇ ತುಂಡಾಗಿ, ಎಚ್ಚರಿಕೆಯ ಸಂದೇಶವಷ್ಟೇ ಬರುತ್ತದೆ. ಆದುದರಿಂದ ‘ಗ್ರೂಪ್_ಕಾನ್‌ಕ್ಯಾಟ್_ಮ್ಯಾಕ್ಸ್_ಲೆನ್’ ಮೌಲ್ಯವನ್ನು ಮೊದಲೇ ಹೆಚ್ಚಿಸಬೇಕು. ಎರಡೂ ಕೋಷ್ಟಕಗಳಲ್ಲಿ ಅವೇ ಹೆಸರುಗಳಿರುವುದನ್ನು ಖಚಿತಪಡಿಸಿಕೊಂಡು, ಒಂದೇ ಪಟ್ಟಿಯನ್ನು ‘ಇನ್ಸರ್ಟ್’, ‘ಸೆಲೆಕ್ಟ್’ ಎರಡರಲ್ಲೂ ಇರಿಸಿ, ‘ಪ್ರಿಪೇರ್’, ‘ಎಕ್ಸಿಕ್ಯೂಟ್’ ಮೂಲಕ ಚಾಲನೆಗೊಳಿಸುವುದು.