ಗೋಡೆಗೆ ಸಿಂಪಡಿಸುವ ಬೆಕ್ಕು

ನೆರೆಯವರು ಊರು ಬಿಡುವಾಗ ಉಳಿದುಹೋದ ಗಂಡುಬೆಕ್ಕು ಚೆಲುವಾಗಿದೆ. ಮನೆಗೆ ತರಬೇಕೆಂದು ಮಕ್ಕಳ ಹಟ. ಆದರೆ ಬಾಗಿಲು, ಪರದೆಗಳಿಗೆಲ್ಲ ಮೂತ್ರ ಸಿಂಪಡಿಸುತ್ತದೆಂಬ ದೂರೂ ಅದರೊಂದಿಗೆ ಬಂದಿದೆಯೆನ್ನಿ. ಗೃಹಿಣಿ ಹಿಂಜರಿಯುವುದು ಸಹಜವೇ. ಆ ನಾತ ಸಾಮಾನ್ಯವಾದುದಲ್ಲ.

ಆದರೆ ಇದು ಹೊಲಸು ಚಾಳಿಯಲ್ಲ. ನಿಂತು, ಬಾಲವೆತ್ತಿ ನಡುಗಿಸುತ್ತ, ಹಿಂದಿನ ಗೋಡೆಗೆ ತುಸುವೇ ಸಿಂಪಡಿಸುವ ಬೆಕ್ಕು ‘ಇದು ನನ್ನ ಎಲ್ಲೆ’ ಎಂದು ಸಾರುತ್ತಿರುತ್ತದೆ. ಕುಳಿತು ನೆಲದ ಮೇಲೆ ಮಾಡುವುದು ಬೇರೆಯೇ ಸಂಗತಿ. ಮೂತ್ರ ಬಾರದೆ ತಿಣುಕುತ್ತಿದ್ದರಂತೂ ಗಂಡುಬೆಕ್ಕಿಗೆ ಪ್ರಾಣಾಪಾಯ. ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಆದ್ದರಿಂದ ಮೊದಲು ವಿಚಾರಿಸಬೇಕಾದುದು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೆ ಎಂಬುದನ್ನು. ಆಗಿಲ್ಲದಿದ್ದರೆ ಧೈರ್ಯವಾಗಿ ತಂದು ಮಾಡಿಸಬಹುದು. ಆ ಬಳಿಕ ನೂರು ಗಂಡುಬೆಕ್ಕುಗಳಲ್ಲಿ ಸುಮಾರು 90 ಈ ಅಭ್ಯಾಸವನ್ನು ಬಿಡುತ್ತವೆ. ಕೆಲವಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಚಿಕಿತ್ಸೆಯಾಗಿಯೂ ನಿಲ್ಲದಿದ್ದರೆ ಕಾರಣ ಹುಡುಕಬೇಕು: ಕಿಟಕಿಯಾಚೆ ಸುಳಿಯುವ ಬೀದಿಬೆಕ್ಕು, ಮನೆಯೊಳಗಿನ ಇನ್ನೊಂದು ಬೆಕ್ಕು. ಬೇರೆ ಬೆಕ್ಕಿಲ್ಲದ ಮನೆಗೆ ಬಂದೊಡನೆ ಶಾಂತವಾಗುವುದೂ ಉಂಟು. ಹೊಡೆದರೆ ಭಯ ಹೆಚ್ಚುತ್ತದೆ, ಸಿಂಪಡಿಕೆಯೂ ಹೆಚ್ಚುತ್ತದೆ.

ಕೆಲವು ತಿಂಗಳು ದೇವರಮನೆಯ ಬಾಗಿಲನ್ನು ಮುಚ್ಚಿಡಲು, ಪರದೆಗಳನ್ನು ಮತ್ತೆ ಮತ್ತೆ ಒಗೆಯಲು ಮನೆಯವರೆಲ್ಲ, ಮುಖ್ಯವಾಗಿ ಒಗೆಯುವವರು, ಒಪ್ಪಬೇಕು. ಒಪ್ಪದಿದ್ದರೆ ತರದಿರುವುದೇ ಲೇಸು. ಮನೆಯ ಹಾಲಿಗೆ ಒಗ್ಗಿದ ಬೆಕ್ಕನ್ನು ಎರಡನೆಯ ಬಾರಿ ಬೀದಿಗೆ ಬಿಟ್ಟರೆ ಅದು ಉಳಿಯುವುದು ಕಷ್ಟ.