ಗುಂಡಿಗೆ ಇಳಿಯುವ ಮೊದಲು: ಕಾಂಟ್ರಾಕ್ಟರ್ ಸಂಘವೂ ಇನ್‌ಸ್ಪೆಕ್ಟರೂ ಕೈಜೋಡಿಸಿದರೆ

ಗಲ್ಫ್‌ನಲ್ಲಿ ಸೇಫ್ಟಿ ಆಫೀಸರ್ ಕೆಲಸ ಹುಡುಕುವ ನಮ್ಮ ಯುವಕರಿಗೆ ‘ಓಶಾ’ ಎಂಬ ಹೆಸರು ಹೊಸದಲ್ಲ. 30 ಗಂಟೆಯ ಓಶಾ ಕೋರ್ಸ್ ಮುಗಿಸಿದ ಕಾರ್ಡ್ ಇದ್ದರೆ ಬಯೋಡೇಟಾಕ್ಕೆ ತೂಕ ಬರುತ್ತದೆ ಅನ್ನುವ ಲೆಕ್ಕ. ಆದರೆ ಓಶಾ ಅಂದರೆ ಕೋರ್ಸ್ ನಡೆಸುವ ಕಂಪೆನಿಯಲ್ಲ. ಅದು 1970ರ ಕಾನೂನಿನಿಂದ ಹುಟ್ಟಿದ, ಅಮೆರಿಕದ ಕಾರ್ಮಿಕ ಇಲಾಖೆಯ ಸಂಸ್ಥೆ. ಸೈಟಿಗೆ ಹೋಗಿ ತಪಾಸಣೆ ಮಾಡುವುದು, ತಪ್ಪು ಕಂಡರೆ ದಂಡ ಹಾಕುವುದು ಅದರ ಕೆಲಸ.

ಈ ಸಂಸ್ಥೆಯ ಜೊತೆ ಕಾಂಟ್ರಾಕ್ಟರುಗಳ ಸಂಘಗಳೇ ಒಪ್ಪಂದ ಮಾಡಿಕೊಳ್ಳುತ್ತವೆ. ಕೇಳಿದ ಕೂಡಲೇ ಅನುಮಾನ ಬರುವುದು ಸಹಜ. ದಂಡ ಹಾಕುವವನೂ ಕಟ್ಟುವವನೂ ಒಂದೇ ಮೇಜಿನಲ್ಲಿ ಕೂತು ಚಾ ಕುಡಿದರೆ ಕೂಲಿಯವನ ಗತಿ ಏನು?

ಕಾರಣ ಲೆಕ್ಕದಲ್ಲಿದೆ. ಅಲ್ಲಿ ಕೇಂದ್ರ ಮತ್ತು ರಾಜ್ಯಗಳ ಇನ್‌ಸ್ಪೆಕ್ಟರ್‌ಗಳನ್ನೆಲ್ಲ ಕೂಡಿಸಿದರೂ ಸುಮಾರು 1,850 ಮಂದಿ. ಅವರು ನೋಡಿಕೊಳ್ಳಬೇಕಾದ ಕಾರ್ಮಿಕರು 13 ಕೋಟಿ. ಎಲ್ಲ ಸೈಟಿಗೂ ಹೋಗುತ್ತೇವೆ ಅಂತ ಹೊರಟರೆ ಮುಗಿಯುವ ಕೆಲಸವೇ ಅಲ್ಲ. ಹಾಗಾಗಿ 2002ರಲ್ಲಿ ‘ಅಲಯನ್ಸ್’ ಎಂಬ ಯೋಜನೆ ಶುರುವಾಯಿತು. ಸಂಘವು ತನ್ನ ಸದಸ್ಯರಿಗೆ ತರಬೇತಿ ಕೊಡಿಸಬೇಕು, ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ತಲುಪಿಸಬೇಕು. ಓಶಾ ತಾಂತ್ರಿಕ ಸಹಾಯ ಕೊಡುತ್ತದೆ. ಆದರೆ ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ತಪಾಸಣೆಯಿಂದ ವಿನಾಯಿತಿ ಇಲ್ಲ, ದಂಡವೂ ತಪ್ಪುವುದಿಲ್ಲ. ಇದೊಂದು ಷರತ್ತು ಇಲ್ಲದಿದ್ದರೆ ಮೇಲಿನ ಅನುಮಾನವೇ ನಿಜವಾಗುತ್ತಿತ್ತು.

ಇದು ಹೇಗೆ ನಡೆಯುತ್ತದೆ ಅಂತ ತಿಳಿಯಲು ಮಣ್ಣು ಅಗೆಯುವ ಕೆಲಸವನ್ನೇ ನೋಡಬಹುದು. ನೀರಿನ ಪೈಪು, ಒಳಚರಂಡಿ, ಗ್ಯಾಸ್ ಲೈನ್ ಹಾಕುವ ಕಾಂಟ್ರಾಕ್ಟರುಗಳಿಗೆ ಅಲ್ಲಿ ನುಕಾ ಎಂಬ ಸಂಘವಿದೆ. ಓಶಾ ಜೊತೆ ಒಪ್ಪಂದ ಮಾಡಿಕೊಂಡಿರುವ ಈ ಸಂಘ ಪ್ರತಿ ಜೂನ್‌ನಲ್ಲಿ ‘ಸ್ಟ್ಯಾಂಡ್ ಡೌನ್’ ನಡೆಸುತ್ತದೆ. ಅಂದರೆ ಕೆಲಸ ನಿಲ್ಲಿಸಿ, ಎಲ್ಲರನ್ನೂ ಗುಂಡಿಯ ಹೊರಗೆ ನಿಲ್ಲಿಸಿ, ಮಣ್ಣು ಕುಸಿಯುವುದರ ಬಗ್ಗೆ ಮಾತಾಡುವುದು.

ಮಣ್ಣು ಹಗುರ ಅಂತ ಅನಿಸುವುದೇ ದೊಡ್ಡ ಮೋಸ. ಮೂರು ಅಡಿ ಉದ್ದ, ಅಗಲ, ಎತ್ತರದ ಮಣ್ಣಿನ ಗಡ್ಡೆ ಒಂದು ಸಣ್ಣ ಕಾರಿನಷ್ಟು ಭಾರ ಇರಬಹುದು. ಎದೆಮಟ್ಟ ಹೂತವನ ತಲೆ ಹೊರಗಿದ್ದರೂ ಉಸಿರು ಸಿಗುವುದಿಲ್ಲ. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಆ ಜಾಗಕ್ಕೆ ಮಣ್ಣು ಇಳಿಯುತ್ತದೆ, ಮತ್ತೆ ಎದೆ ಹಿಗ್ಗಲು ಜಾಗ ಇರುವುದಿಲ್ಲ.

ನಿಯಮಗಳು ಕಷ್ಟದ್ದೇನಲ್ಲ. ಗಟ್ಟಿ ಬಂಡೆಯಲ್ಲದ ಕಡೆ ಐದು ಅಡಿ ಆಳ ದಾಟಿದರೆ ಬದಿಯನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಹಲಗೆ ಕೊಟ್ಟು ಆನಿಸಬೇಕು, ಇಲ್ಲವೇ ಒಳಗೆ ಕಬ್ಬಿಣದ ಪೆಟ್ಟಿಗೆ ಇಳಿಸಬೇಕು. ತೆಗೆದ ಮಣ್ಣು ಅಂಚಿನಿಂದ ಕನಿಷ್ಠ ಎರಡು ಅಡಿ ದೂರ ಇರಬೇಕು. ನಾಲ್ಕು ಅಡಿ ಆಳ ಇದ್ದರೆ ಏಣಿ ಬೇಕು, ಅದು ಕೆಲಸದವನಿಗೆ 25 ಅಡಿಯೊಳಗೆ ಸಿಗಬೇಕು. ಪ್ರತಿದಿನ, ಮಳೆ ಬಂದ ಮೇಲೆ ಮತ್ತೊಮ್ಮೆ, ತಿಳಿದವನೊಬ್ಬ ಗುಂಡಿ ನೋಡಬೇಕು.

ಇಷ್ಟೆಲ್ಲ ಇದ್ದೂ 2022ರಲ್ಲಿ ಅಮೆರಿಕದಲ್ಲಿ ಮಣ್ಣು ಅಗೆಯುವ ಕೆಲಸದಲ್ಲಿ 39 ಮಂದಿ ಸತ್ತರು. ಬರೀ ಉಪದೇಶ ಸಾಲದು ಅಂತ ಅರ್ಥವಾಯಿತು. ಅದೇ ಜುಲೈಯಲ್ಲಿ ಓಶಾ ಸಾವಿರಕ್ಕೂ ಹೆಚ್ಚು ಗುಂಡಿಗಳ ತಪಾಸಣೆಗೆ ಆದೇಶಿಸಿತು. ಸಂಘದ ತರಬೇತಿಯೂ ನಿಲ್ಲಲಿಲ್ಲ. 2023ರಲ್ಲಿ ಸಾವು 15ಕ್ಕೆ ಇಳಿಯಿತು. ಯಾವುದರಿಂದ ಎಷ್ಟು ಕಡಿಮೆಯಾಯಿತು ಅಂತ ತೂಗಿ ಹೇಳುವುದು ಕಷ್ಟ. ಆದರೆ ಗೊತ್ತಿದ್ದೂ ನಿಯಮ ಮುರಿದವನಿಗೆ 2025ರಲ್ಲಿ 1,65,514 ಡಾಲರ್‌ವರೆಗೆ ದಂಡ ಇತ್ತು. ಪೆಟ್ಟಿಗೆಯ ಬಾಡಿಗೆ ಉಳಿಸಲು ಹೊರಟವನಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಇನ್ನು ನಮ್ಮ ಕಡೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಅಧಿಕಾರಿಗೆ ಕೊಟ್ಟ ಹೆಸರೇ ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’. ತಪಾಸಣೆ ಮಾಡುವವನೇ ಸಲಹೆಯನ್ನೂ ಕೊಡಬೇಕು. ಓಶಾ ಅಲಯನ್ಸ್‌ನ ಹಿಂದಿರುವ ಆಲೋಚನೆಯೂ ಹೆಚ್ಚುಕಡಿಮೆ ಇದೇ. ಆದರೆ ಹತ್ತಕ್ಕಿಂತ ಕಡಿಮೆ ಮಂದಿ ದುಡಿಯುವ ಕಟ್ಟಡ ಕೆಲಸ, ಸ್ವಂತ ವಾಸಕ್ಕೆ 50 ಲಕ್ಷದೊಳಗೆ ಕಟ್ಟುವ ಮನೆ ಸಂಹಿತೆಯ ಕಟ್ಟಡ ಕೆಲಸದ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಕಾಸರಗೋಡಿನಿಂದ ಮಂಗಳೂರಿನವರೆಗೆ ಗುಡ್ಡ ಕಡಿದು ಮನೆ ಕಟ್ಟುವುದನ್ನು ಕಂಡವರಿಗೆ ಇದರ ಅರ್ಥ ಗೊತ್ತಾಗುತ್ತದೆ. ಜೆಸಿಬಿ ನೆಟ್ಟಗೆ ಕಡಿದ ಬರೆಯ ಬುಡದಲ್ಲಿ ತಡೆಗೋಡೆಗೆ ಅಡಿಪಾಯ ತೋಡುವುದು ಒಬ್ಬ ಮೇಸ್ತ್ರಿ, ನಾಲ್ಕೈದು ಕೆಲಸದವರು. ಅವರಲ್ಲಿ ಎಷ್ಟೋ ಮಂದಿ ಹೊರರಾಜ್ಯದ ಹುಡುಗರು. ಕನ್ನಡವೂ ಬಾರದು, ಮಲಯಾಳವೂ ಬಾರದು. ಅಂಥ ಗುಂಡಿಯ ಹತ್ತಿರ ಇನ್‌ಸ್ಪೆಕ್ಟರ್ ಬರುವುದಿಲ್ಲ. ಬರಬಲ್ಲವರು ಊರಿನ ಕಾಂಟ್ರಾಕ್ಟರುಗಳ ಸಂಘ, ಇಂಜಿನಿಯರುಗಳ ಸಂಘ, ಮತ್ತೆ ಹಣ ಕೊಡುವ ಮನೆಯ ಯಜಮಾನ. ಗಲ್ಫ್‌ನ ಸೈಟಿನಲ್ಲಿ ದಿನಾ ಬೆಳಿಗ್ಗೆ ಟೂಲ್‌ಬಾಕ್ಸ್ ಟಾಕ್ ಕೇಳಿ ಬಂದವರೂ ಊರಲ್ಲಿದ್ದಾರೆ. ಹಿಂದಿಯಲ್ಲಿ ಹತ್ತು ನಿಮಿಷ ವಿವರಿಸಲು ಅವರಿಗೆ ಯಾವ ಕೋರ್ಸೂ ಬೇಕಾಗಿಲ್ಲ.

ಅಮೆರಿಕದವರ ಸ್ಟ್ಯಾಂಡ್ ಡೌನ್ ಜೂನ್‌ನಲ್ಲಿ. ಇಲ್ಲಿ ಜೂನ್ ಅಂದರೆ ತಡವಾಯಿತು, ಅಷ್ಟರಲ್ಲಿ ಬರೆಯೊಳಗೆ ನೀರು ಇಳಿದಿರುತ್ತದೆ. ನಮ್ಮಲ್ಲಿ ಮಾಡುವುದಾದರೆ ಮೇ ತಿಂಗಳಲ್ಲೇ, ಮೊದಲ ಮಳೆಗೆ ಮುಂಚೆ ಮಾಡಬೇಕು.